ಬೂದ್ಯಾನ ಸೋಮವಾರ

"ಆರೂ ಉಸಿರು ಕಟ್ಟಿ ಕುಂತಾವ. ನೀ ಒಬ್ಬಾಂವ ಯಾಕ ಇನ್ನೂ ಆರಾಮ ಉಸಿರಾಡಾಕತ್ತಿ?"

ನೀಲಾಂಬಿಕಾ ಕೊಪ್ಪದ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಧಾರವಾಡದ ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ಊಟದ ಬಿಡುವಿನ ಹೊತ್ತಿಗೆ ಆಕೆ ಒಬ್ಬಳೇ ಇದ್ದಳು. ಎದುರಿನ ಪರದೆಯ ಮೇಲೆ ಏಳು ಗೆರೆಗಳಿದ್ದವು. ಆರು ಗೆರೆಗಳು ಗುಡ್ಡ ಹತ್ತುವ ಮುದುಕರ ಹಾಗೆ ಏದುತ್ತ ಏದುತ್ತ ಮೇಲೇರಿ ನೆತ್ತಿಯಲ್ಲಿ ನಿಂತುಬಿಟ್ಟಿದ್ದವು. ಏಳನೆಯದು ಮಾತ್ರ ಸ್ವಲ್ಪ ಏರುವುದು, ಇಳಿಯುವುದು, ಮತ್ತೆ ಏರುವುದು, ಇಳಿಯುವುದು. ತೊಟ್ಟಿಲಲ್ಲಿ ಮಲಗಿದ ಕೂಸಿನ ಎದೆಯ ಹಾಗೆ.

ಗೆರೆ ಏರಿತೆಂದರೆ ಫಿಲ್ಟರಿಗೆ ಧೂಳು ಮೆತ್ತಿಕೊಂಡಿತು, ಮೋಟಾರು ಗಾಳಿ ಎಳೆಯಲು ಒದ್ದಾಡುತ್ತಿದೆ ಎಂದು ತಿಳಿಯಬೇಕು. ಆ ಕಾಲಕ್ಕೆ ನಾಡಿನ ಯಾವ ಕಾರ್ಖಾನೆಯೂ, ಕಲ್ಲು ಕೆತ್ತುವ ತಗಡಿನ ಶೆಡ್ಡಿನಿಂದ ಹಿಡಿದು ಮೆಣಸಿನಕಾಯಿ ಗಿರಣಿಯವರೆಗೆ, ಹಿಡಿ ಧೂಳನ್ನೂ ಊರ ಗಾಳಿಗೆ ಬಿಡುವಂತಿರಲಿಲ್ಲ. ಸಣ್ಣ ಡ್ರೋನುಗಳು ಹದ್ದಿನಂತೆ ಊರ ಮೇಲೆ ಸುತ್ತಿ, ಗಾಳಿಯನ್ನು ಮೂಸಿ, ತಪ್ಪಿದವರ ಬಾಗಿಲಿಗೆ ಬೀಗ ಹಾಕಿಸುತ್ತಿದ್ದವು. ಕಾಯಿದೆ ಒಳ್ಳೆಯದೇ. ಆದರೆ ಧೂಳು ಹೀರುವ ಯಂತ್ರದ ಹೊಟ್ಟೆಯಲ್ಲಿರುವ ಕಾಗದದ ಫಿಲ್ಟರು ಕಲ್ಲಿನ ಹುಡಿಗೆ ಒಂದು ವಾರವೂ ತಾಳುತ್ತಿರಲಿಲ್ಲ. ಕಟ್ಟಿಹೋದ ಫಿಲ್ಟರುಗಳನ್ನು ಊರಾಚೆ ಒಟ್ಟಿ ಒಟ್ಟಿ, ಕಲ್ಲಿನ ಗುಡ್ಡವಿದ್ದಲ್ಲಿ ಕಾಗದದ ಗುಡ್ಡ ಎದ್ದಿತ್ತು.

ಆಗ ನೀಲಾಳ ತಲೆಗೆ ಒಂದು ವಿಚಾರ ಹೊಕ್ಕಿತು. ಮನುಷ್ಯ ಹುಟ್ಟಿದಾರಭ್ಯ ಧೂಳಿನಲ್ಲೇ ಬದುಕುತ್ತಾನೆ. ಅವನ ಗಂಟಲಿನ ಫಿಲ್ಟರನ್ನು ಯಾರು ಬದಲಿಸುತ್ತಾರೆ? ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ತೊನೆಯುವ ಜೋಳದ ಹೊಲದ ಹಾಗೆ ಅವು ಬಾಗುತ್ತ ಏಳುತ್ತ, ಒಳಬಂದ ಕಸವನ್ನು ಮೇಲಕ್ಕೆ ದಬ್ಬುತ್ತಲೇ ಇರುತ್ತವೆ. ಫಿಲ್ಟರಿಗೂ ಅಂಥ ಜೀವ ಬಂದರೆ? ಅಣಬೆಯ ಜಾತಿಯ ಒಂದು ಬಳ್ಳಿನೂಲನ್ನು ವರ್ಷಗಟ್ಟಲೆ ಸಾಕಿ, ಅದರ ಎಳೆಎಳೆಗೂ ರೋಮ ಬರುವಂತೆ ಮಾಡಿ, ಕೊನೆಗೆ ಕಂಬಳಿಯಷ್ಟು ದಪ್ಪದ, ಕರುವಿನ ಮೈಯಷ್ಟು ಮೆತ್ತಗಿನ ಒಂದು ಹಾಸನ್ನು ಆಕೆ ಬೆಳೆಸಿದಳು. ನೀರು ಚಿಮುಕಿಸಿ ಒಂದಿಷ್ಟು ಬೆಲ್ಲದ ಪಾಕ ಕುಡಿಸಿದರೆ ಬದುಕುತ್ತಿತ್ತು. ಏಳು ಹಾಸುಗಳನ್ನು ಏಳು ಊರಿನ ಕಾರ್ಖಾನೆಗಳಿಗೆ ಕೊಟ್ಟು, ಒಂದೇ ಒಂದು ಕಟ್ಟಪ್ಪಣೆ ಹಾಕಿದಳು: ಮೋಟಾರನ್ನು ಎಂದೂ ನಿಲ್ಲಿಸಬಾರದು. ಕೆಲಸವಿಲ್ಲದಾಗ ಮೆಲ್ಲಗಾದರೂ ಓಡುತ್ತಿರಬೇಕು. ಗಾಳಿ ನಿಂತರೆ ಎಳೆಗಳು ಉಸಿರು ಸಿಗದೆ ಸಾಯುತ್ತವೆ.

ನಿಲ್ಲಿಸದೆಯೂ ಸತ್ತಂತಾದವು. ಆರು ಕಾರ್ಖಾನೆಗಳಲ್ಲಿ ಆರು ಹಾಸುಗಳು ಧೂಳು ತುಂಬಿ ರೊಟ್ಟಿಯ ಹೆಂಚಿನಂತೆ ಗಟ್ಟಿಯಾಗಿ, ಗಾಡಿಯೇರಿ ವಾಪಸು ಬಂದವು. ಈಗ ಪ್ರಯೋಗಾಲಯದ ಗೋಡೆಯ ಬದಿಗೆ ಸಾಲಾಗಿ ನಿಂತು, ಸಣ್ಣ ಮೋಟಾರುಗಳ ಎಳೆತಕ್ಕೆ ಗೂರಲು ಹಿಡಿದವರಂತೆ ಸುಂಯ್ಗುಡುತ್ತಿದ್ದವು. ಉಳಿದದ್ದು ಇಳಕಲ್ಲಿನಾಚೆಯ ಕಲ್ಲಗೋನಾಳದ್ದು. ಅಲ್ಲಿ ಮೌನೇಶ ಬಡಿಗೇರ ಎಂಬ ಶಿಲ್ಪಿಯ ಕಾರ್ಖಾನೆಯಲ್ಲಿ ಅದು ಇತ್ತು. ಆ ಮನೆಯವರು ಅದಕ್ಕೆ ಬೂದ್ಯಾ ಎಂದು ಹೆಸರನ್ನೂ ಇಟ್ಟಿದ್ದರು. ಕಲ್ಲು ಕೆಂಪಾದರೂ ಹುಡಿ ಬೂದಿಬಣ್ಣವೇ. ಅದನ್ನು ಮೈಗೆಲ್ಲ ಹಚ್ಚಿಕೊಂಡು ಕೂತದ್ದಕ್ಕೆ ಬೂದ್ಯಾ.

"ನೀಲಾ, ಇನ್ನ ಒಂದ ದಾರಿ ಉಳದದ ನೋಡು," ಎನ್ನುತ್ತ ಬಂದವರು ಪ್ರಯೋಗಾಲಯದ ಮುಖ್ಯಸ್ಥ ವಾದಿರಾಜ ಕಟ್ಟಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅದನ್ನೇ ಕಿಸೆಯಲ್ಲಿ ಹುಡುಕುತ್ತಿದ್ದರು. "ಆ ಕಲ್ಲಗೋನಾಳದ್ದನ್ನ ತರಸೋಣು. ಸೀಳಿ ನೋಡೋಣು. ಒಳಗ ಏನೋ ಬ್ಯಾರೆ ಬೆಳದದ ಅದರಾಗ."

"ಸೀಳಿದ್ರ ಅದು ಸಾಯ್ತೈತ್ರಿ ಸರ್."

"ಸಾಯ್ತದ ಖರೆ. ಆದ್ರ ಆರು ಸುಮ್ಮನ ಸತ್ತಾವ. ಏಳನೇದ್ದಾದ್ರೂ ನಾಕ ಮಾತು ಹೇಳಿ ಸಾಯಲಿ. ಇಲ್ಲಂದ್ರ ಮ್ಯಾಲಿನವರು ಈ ಕೆಲಸಾನ ಬಂದ್ ಮಾಡ್ತಾರ. ನನ್ನ ಕನ್ನಡಕ ಎಲ್ಲಿ ಅದವಾ?"

"ಹಣಿ ಮ್ಯಾಲೈತ್ರಿ."

"ಹಾಂ. ಮಂಗಳವಾರ ಗಾಡಿ ಕಳಸ್ತೀನಿ."

ಹಿರಿಯರಿಗೆ ಇಲ್ಲ ಎನ್ನುವ ರೂಢಿಯೇ ನೀಲಾಳಿಗಿರಲಿಲ್ಲ. ಆದರೆ ಮೌನೇಶನನ್ನು ನೆನೆದಳು. ಮೌನೇಶ ಕಲ್ಲಗೋನಾಳದ ಮಠದಲ್ಲಿ ಶ್ರಾವಣಮಾಸದ ಪುರಾಣ ಓದುವವನು. ಅಪ್ಪನಿಂದ ಕಲಿತ ರಾಗ, ಬಾಯಿಪಾಠದ ಪದ್ಯ. ಕಲ್ಲಿನ ಧೂಳು ಅವನ ಗಂಟಲನ್ನು ಹೇಗೆ ತಿಂದುಹಾಕಿತ್ತೆಂದರೆ, ಬರಬರುತ್ತ ಒಂದು ಪದ್ಯದ ನಡುವೆ ನಾಲ್ಕು ಸಲ ಕೆಮ್ಮಿ, ಕೊನೆಗೊಂದು ಶ್ರಾವಣದಲ್ಲಿ ಪೀಠವನ್ನೇ ಏರಲಿಲ್ಲ. ಮಠದವರು ಯಾರದೋ ಧ್ವನಿಮುದ್ರಣ ಹಚ್ಚಿ ಪುರಾಣ ನಡೆಸಿದರು. ಬೂದ್ಯಾ ಬಂದ ಮೇಲೆ ಗಾಳಿ ತಿಳಿಯಾಯಿತು. ಗಂಟಲು ಮೆಲ್ಲಮೆಲ್ಲಗೆ ಬಿಟ್ಟುಕೊಂಡಿತು. ಈ ಶ್ರಾವಣಕ್ಕೆ ಮತ್ತೆ ಪೀಠ ಏರಿದ್ದೇನೆ ಎಂದು ಅವನು ಫೋನಿನಲ್ಲಿ ಹೇಳುವಾಗ ಆ ದನಿಯಲ್ಲಿದ್ದ ಹಿಗ್ಗು ನೀಲಾಳ ಕಿವಿಯಲ್ಲಿ ಇನ್ನೂ ಇತ್ತು. ಬೂದ್ಯಾನನ್ನು ಸೀಳಿದರೆ ಆ ಗಂಟಲನ್ನೇ ಸೀಳಿದಂತೆ.

ಗಾಡಿಯ ಚಾಲಕನೊಬ್ಬನೇ ಹೋಗಿ ಅದನ್ನು ಹೊತ್ತು ತರುವುದು ಸರಿಯಲ್ಲ, ತಾನೇ ಹೋಗಿ ಕೈಮುಗಿದು ಕೇಳಬೇಕು ಎನ್ನಿಸಿ ಒಂದು ದಿನ ಮುಂಚಿತವಾಗಿಯೇ, ಸೋಮವಾರ ಬೆಳಿಗ್ಗೆ, ಆಕೆ ಬಸ್ಸು ಹತ್ತಿದಳು.

*

ಕಲ್ಲಗೋನಾಳದ ಅಗಸಿಬಾಗಿಲು ದಾಟುತ್ತಲೇ ನೀಲಾಳಿಗೆ ಏನೋ ಕಡಿಮೆಯೆನಿಸಿತು. ಕಾರ್ಖಾನೆಯ ಮುಂದೆ ಬಂದು ನಿಂತಾಗ ತಿಳಿಯಿತು: ಸದ್ದಿಲ್ಲ. ಗ್ರೈಂಡರಿನ ಕೂಗಿಲ್ಲ, ಮೋಟಾರಿನ ಗುಂಯ್ ಎಂಬುದಿಲ್ಲ. ಬೇವಿನ ನೆರಳಿನಲ್ಲಿ ಮೌನೇಶ ಒಂದು ಬಸವಣ್ಣನ ಮುಂದೆ ಕುಳಿತು, ಕಲ್ಲಿಗೆ ನೀರು ಚಿಮುಕಿಸಿಕೊಂಡು, ಸಣ್ಣ ಚಾಣದಿಂದ ಅದರ ಕಣ್ಣಿನ ರೆಪ್ಪೆಯನ್ನು ಬಿಡಿಸುತ್ತಿದ್ದ. ಆಕೆಯನ್ನು ಕಂಡದ್ದೇ ಚಾಣ ಕೈಯಿಂದ ಜಾರಿತು.

"ಅಕ್ಕಾರ! ಹೇಳದ ಕೇಳದ ಬಂದ್ರಿ?"

"ಮೋಟಾರು ಯಾಕ ನಿಂತೈತಿ?" ನೀಲಾ ಉತ್ತರಕ್ಕೆ ಕಾಯದೆ ಒಳಕ್ಕೆ ನುಗ್ಗಿದಳು.

ಮೌನೇಶ ಹಿಂದೆಯೇ ಓಡಿಬಂದ. "ಕರೆಂಟ್ ಇಲ್ರಿ. ಫೋನ್‌ನಾಗ ಹೇಳಿದ್ನೆಲ್ರಿ, ಸೋಮವಾರ ನಮ್ಮೂರಾಗ ಕರೆಂಟ್ ತಗೀತಾರ್ರಿ, ಅದಕ್ಕ ನಿಮ್ಮ ಪರದೆ ಮ್ಯಾಲ ಅವತ್ತ ಗೆರಿ ಬರೂದಿಲ್ಲ. ಬ್ಯಾಟರಿ ಮ್ಯಾಲ ಮೆಲ್ಲಕ ಓಡಸ್ತೀವಿ. ಈಗ ಬ್ಯಾಟರೀನೂ..."

ನೀಲಾ ತಲೆಯೆತ್ತಿ ನೋಡಿದಳು. ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಮೌನೇಶನೂ ತಲೆಯೆತ್ತಿದ.

"ಅದು... ಗಾಳಿಗೆ ತಿರಗಾಕತ್ತೈತ್ರಿ."

ಅದೇ ಗಳಿಗೆಗೆ ಪಕ್ಕದ ಅಡುಗೆಮನೆಯಿಂದ ಮಿಕ್ಸರು ಜೋರಾಗಿ ಕೂಗಿತು. ಅವನ ಹೆಂಡತಿ ಗುರಮ್ಮ ಶೇಂಗಾ ಚಟ್ನಿ ಅರೆಯುತ್ತಿದ್ದಳು.

"ಮಿಕ್ಸರೂ ಗಾಳಿಗೇ ತಿರಗತೈತೇನ್ರಿ?" ಎಂದಳು ನೀಲಾ.

ಶಿಲ್ಪಿಯ ಮುಖ ಸುಣ್ಣದ ಗೋಡೆಯಂತಾಯಿತು. ಪುರಾಣ ಓದುವ ಬಾಯಿಗೆ ಸುಳ್ಳು ಒಗ್ಗುವುದಿಲ್ಲ. ಒಂದು ಹೇಳಿ ಇನ್ನೊಂದಕ್ಕೆ ತಡವರಿಸುತ್ತದೆ. ಅಷ್ಟರಲ್ಲಿ ನೀಲಾಳ ಕಣ್ಣು ಮೂಲೆಗೆ ಹೋಗಿತ್ತು. ಧೂಳು ಹೀರುವ ಯಂತ್ರವನ್ನು ಒರೆಸಿ ತೊಳೆದು, ಅದರ ಬೆನ್ನಿಗೆ ಎತ್ತಿಗೆ ಹೊದಿಸುವ ಬಣ್ಣದ ಜೂಲು ಹೊದಿಸಿದ್ದರು. ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ, ಮೇಲೆ ಚೆಂಡುಹೂವಿನ ಸರ. ಪೈಪಿನ ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ್ದರು.

ಗುರಮ್ಮ ಕೈಯೊರೆಸಿಕೊಳ್ಳುತ್ತ ಬಂದಳು. ಗಂಡನ ಮುಖ ನೋಡಿದಳು, ಫ್ಯಾನು ನೋಡಿದಳು, ಎಲ್ಲವೂ ತಿಳಿಯಿತು.

"ಅವರಿಗೆ ಯಾಕ ಬೈತೀರಿ ಮೇಡಮ್ಮಾರ, ನನಗ ಬೈರಿ," ಎಂದಳು. "ಸೋಮವಾರ ಎತ್ತು ಹೂಡ್ತಾರೇನ್ರಿ ಯಾರರೆ? ಬಸವಣ್ಣನ ವಾರ ಅದು."

"ಇದು ಎತ್ತಲ್ಲ, ಗುರಮ್ಮಕ್ಕ!"

"ನೀವ ಅಂದಿದ್ರಿ! ಇದೇ ಜಾಗಾದಾಗ ನಿಂತು. 'ಇದು ಮಿಷನ್ ಅನಕೋಬ್ಯಾಡ್ರಿ, ಇದಕ್ಕ ಜೀವ ಐತಿ, ನಿಮ್ಮನಿ ದನದಂಗ ನೋಡ್ಕೋರಿ' ಅಂತ. ಮರತ್ರೇನು?"

ನೀಲಾ ಮರೆತಿದ್ದಳು. ಏಳೂ ಕಡೆ ಹೀಗೇ ಹೇಳಿದ್ದಳು; ಹೇಳಿ ಚಹಾ ಕುಡಿದು ಬಂದಿದ್ದಳು. ಆರು ಕಡೆಯವರು ಅದನ್ನು ಮಾತಿಗೆ ಆಡಿದ ಮಾತೆಂದು ಬಿಟ್ಟಿದ್ದರು. ಕಲ್ಲಗೋನಾಳದವರು ಮಾತನ್ನು ಮಾತೆಂದೇ ಹಿಡಿದಿದ್ದರು.

"ನಿಲ್ಲಸಬ್ಯಾಡ್ರಿ ಅಂತ ಹೇಳಿದ್ರಿ, ಖರೆ," ಮೌನೇಶ ತಗ್ಗಿದ ದನಿಯಲ್ಲಿ ಹೇಳಿದ. "ನಿಲ್ಲಸಿದ್ದು ಗೊತ್ತಾದ್ರ ಒಯ್ದಬಿಡ್ತೀರಿ ಅಂತ ಅಂಜಿ ಸುಳ್ಳು ಹೇಳಿದ್ನಿರಿ. ತಪ್ಪಾತು. ಆದ್ರ ವಾರಪೂರ್ತಿ ನಮ್ಮ ಸಲುವಾಗಿ ಧೂಳ ತಿನ್ನೂ ಜೀವಕ್ಕ ಒಂದ ದಿನಾನೂ ಬಿಡಲಿಲ್ಲಂದ್ರ, ಸಂಜೀಗೆ ಪೀಠದ ಮ್ಯಾಲ ಕುಂತು ದಯಾ ಧರ್ಮ ಅಂತ ನಾ ಹೆಂಗ ಓದ್ಲಿರಿ?"

ನೀಲಾಳಿಗೆ ಸಿಟ್ಟೂ ಬಂತು, ನಗೆಯೂ ಬಂತು, ಎರಡನ್ನೂ ಮೀರಿ ಭಯ ಬಂತು. ಬೆಳಗಿನಿಂದ ಗಾಳಿಯಿಲ್ಲ. ಒಳಗೆ ಎಳೆಗಳು ಸತ್ತೇಹೋಗಿರಬೇಕು. ಜೂಲನ್ನು ಸರಿಸಿ, ಮೊಣಕಾಲೂರಿ, ತಗಡಿನ ಹೊದಿಕೆಗೆ ಕಿವಿ ಹಚ್ಚಿದಳು.

ಮೊದಲು ಏನೂ ಇಲ್ಲ. ಆಮೇಲೆ ಬಹಳ ಸಣ್ಣದೊಂದು ಸಪ್ಪಳ. ಮೊರದಲ್ಲಿ ಅಕ್ಕಿ ಜಾರಿದ ಹಾಗೆ. ನಿಂತಿತು. ಮತ್ತೆ, ಸರ್ರ್... ಏನೋ ಬಿರಿಯಿತು, ಏನೋ ಉದುರಿತು. ಕೆಳಗಿನ ಡಬ್ಬಿಯೊಳಗೆ ಹುಡಿ ಬೀಳುವ ಸದ್ದು, ಪತ್ರೆಯ ಮೇಲೆ ಭಸ್ಮ ಉದುರಿಸಿದಷ್ಟು ಮೆತ್ತಗೆ.

"ಇದೇನು ಸಪ್ಪಳ?" ಎಂದಳು ಕಿವಿ ತೆಗೆಯದೆ.

"ಮೆಲಕ ಹಾಕಾಕತ್ತೈತ್ರಿ," ಎಂದಳು ಗುರಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಮುಂಜಾನೆ ಸುಮ್ಮನ ಇರತೈತಿ. ಬಿಸಲ ನೆತ್ತಿಗೆ ಬಂತಂದ್ರ ಚಾಲೂ ಮಾಡತೈತಿ. ಸಂಜೀತನಕಾ ಹಿಂಗ. ಮಂಗಳವಾರ ನೋಡ್ರಿ ನೀವು, ಹೊಸಾ ಕರಾ ಆಗಿರತೈತಿ. ಎಲ್ಲಾರ ಮನ್ಯಾಗೂ ಹಂಗ ಮಾಡೂದಿಲ್ಲೇನ್ರಿ?"

"ಇಲ್ಲ," ಎಂದಳು ನೀಲಾ. ನೆಲದ ಮೇಲೆಯೇ ಕೂತುಬಿಟ್ಟಳು.

ಕೂತು, ಸುಮ್ಮನೆ ಕೇಳಿದಳು. ಕೇಳುವುದು ಆಕೆಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಗದುಗಿನ ಮನೆಯ ಪಡಸಾಲೆಯಲ್ಲಿ ಅಜ್ಜಿ ಕಾವ್ಯ ಓದುತ್ತಿದ್ದರೆ ಕಂಬಕ್ಕೆ ಒರಗಿ, ಅರ್ಥವಾದರೂ ಆಗದಿದ್ದರೂ ದನಿಯನ್ನು ಹಿಡಿದುಕೊಂಡು ಕೂತಿರುತ್ತಿದ್ದಳು. ಈಗಲೂ ಹಾಗೇ ಕೂತಳು. ಸಪ್ಪಳದ ನಡುವಿನ ಬಿಡುವುಗಳು ಕಿವಿಗೆ ಹಿಡಿಸತೊಡಗಿದಂತೆ ಸಂಗತಿಯೂ ಬಿಚ್ಚಿಕೊಳ್ಳತೊಡಗಿತು. ರೋಮಗಳು ಧೂಳನ್ನು ಹೊರಕ್ಕೆ ದಬ್ಬುತ್ತವೆ, ನಿಜ. ಆದರೆ ಮೋಟಾರು ಓಡುತ್ತಿರುವಷ್ಟು ಹೊತ್ತು, ದಬ್ಬಿದ್ದನ್ನು ಗಾಳಿ ಮರಳಿ ಎಳೆದು ಅಲ್ಲಿಗೇ ಬಡಿಯುತ್ತದೆ. ಅಂಗಳ ಗುಡಿಸುವವಳ ಎದುರಿಗೆ ನಿಂತು ಕಸವನ್ನು ಮತ್ತೆ ಅಂಗಳಕ್ಕೇ ಬೀಸಿದ ಹಾಗೆ. ಗುಡಿಸಿ ಗುಡಿಸಿ ರೋಮಗಳು ಸೋಲುತ್ತವೆ, ಧೂಳು ಗಟ್ಟಿಯಾಗುತ್ತದೆ, ಹಾಸು ಉಸಿರು ಕಟ್ಟಿ ಸಾಯುತ್ತದೆ. ಗಾಳಿ ನಿಂತರೆ? ಎಳೆಗಳು ಮೊದಲು ಹೆದರಿ ಮುದುಡುತ್ತವೆ. ಅರ್ಧ ದಿನ ಕಳೆದ ಮೇಲೆ, ಇನ್ನು ಯಾರೂ ಎಳೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಒದ್ದೆ ಬಟ್ಟೆಯ ತೇವವನ್ನು ಕುಡಿದು ಉಬ್ಬಿ ಎದ್ದು ನಿಲ್ಲುತ್ತವೆ. ಆಗ ಮೇಲಿನ ಧೂಳಿನ ಪದರು ಬಿಸಿಲಿಗೆ ಕೆರೆಯ ತಳ ಬಿರಿದಂತೆ ಬಿರಿದು ಉದುರುತ್ತದೆ.

ಪ್ರಯೋಗಾಲಯದಲ್ಲಿ ಮೋಟಾರು ನಿಂತರೆ ಎಲ್ಲರೂ ಬೆಂಕಿ ಬಿದ್ದಂತೆ ಓಡಿ ಮತ್ತೆ ಚಾಲೂ ಮಾಡುತ್ತಿದ್ದರು. ಸಾಯುತ್ತದೆಂಬ ಅಂಜಿಕೆಯಿಂದ ಅದನ್ನು ದಿನವೂ ಕೊಂದಿದ್ದರು.

ನೀಲಾ ಅಲ್ಲಿಂದಲೇ ಕಟ್ಟಿಯವರಿಗೆ ಫೋನು ಹಚ್ಚಿದಳು. "ಸರ್, ಆ ಆರೂ ಮೋಟಾರು ಬಂದ್ ಮಾಡ್ರಿ. ಒಂದೊಂದು ಒದ್ದೆ ಬಟ್ಟೆ ಹೊಚ್ಚಿ ನಾಳೆ ಮಧ್ಯಾಹ್ನದ ತನಕಾ ಮುಟ್ಟಬ್ಯಾಡ್ರಿ."

"ಹುಚ್ಚಿ, ಅದರಾಗ ಎರಡ ಮೂರಕ್ಕ ಇನ್ನೂ ಗುಟುಕ ಜೀವ ಅದ. ಬಂದ್ ಮಾಡಿದ್ರ ಅದೂ ಹೋಗ್ತದ."

"ಹೆಂಗೂ ಹೊಂಟಾವ್ರಿ. ಒಂದ ದಿನ ಆರಾಮ ಹೋಗಲಿ."

"ಆತು. ನಿನ್ನ ಮಾತಿಗೆ ಮಾಡ್ತೀನಿ. ಆದ್ರ ಗಾಡಿ ಮಾತ್ರ ನಾಳೆ ಬರೂದ ಬರ್ತದ. ನಾಳೆ ಮಧ್ಯಾಹ್ನಕ್ಕ ಏನೂ ಆಗಿರಲಿಲ್ಲಂದ್ರ ಆ ನಿಮ್ಮ ಬೂದ್ಯಾ ಗಾಡಿ ಏರಬೇಕು. ಮತ್ತ ಅಳಬಾರದು."

ಫೋನು ಕೆಳಗಿಟ್ಟ ಮೇಲೆ ನೀಲಾ ತಾನು ಬಂದ ಕೆಲಸವನ್ನು ಗಂಡಹೆಂಡಿರಿಗೆ ಹೇಳಲೇಬೇಕಾಯಿತು. ಮೌನೇಶ ಹೊರಗೆ ಹೋಗಿ ಬಸವಣ್ಣನ ಅರೆಬಿರಿದ ಕಣ್ಣಿನ ಮುಂದೆ ಮತ್ತೆ ಕೂತ. ಗುರಮ್ಮ ಮಾತ್ರ, "ನಾಳಿದ್ದು ನಾಳೆ. ಮೊದಲ ಉಣ್ಣಾಕ ಏಳ್ರಿ," ಎಂದು ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಬಡಿಸಿ, ಬೆಣ್ಣೆಯ ಉಂಡೆ ಇಟ್ಟಳು.

ಸಂಜೆ ಮಠದಲ್ಲಿ ಪುರಾಣ. ಹೆಂಗಸರ ಸಾಲಿನಲ್ಲಿ ಗುರಮ್ಮನ ಪಕ್ಕ ನೀಲಾ ಕೂತಳು. ಮೌನೇಶ ಪೀಠ ಏರಿ, ಕಣ್ಣುಮುಚ್ಚಿ, ಮೊದಲ ಪದ್ಯವನ್ನು ಎತ್ತಿಕೊಂಡ. ಕಲ್ಲು ಕೆತ್ತಿ ಒರಟಾದ ಆ ಮೈಯಿಂದ ಅಂಥ ದನಿ ಬರುತ್ತದೆಂದು ಆಕೆ ಎಣಿಸಿರಲಿಲ್ಲ. ತುಂಬಿದ ಬಾವಿಯಿಂದ ಕೊಡ ಎತ್ತಿದ ಹಾಗೆ, ಒಂದು ಹನಿ ತುಳುಕದೆ, ಪದ್ಯ ಮೇಲಕ್ಕೆ ಬಂತು. ಒಂದು ಸಲವೂ ಕೆಮ್ಮಲಿಲ್ಲ. ಸಾಲಿನ ಕೊನೆಯಲ್ಲಿ ಅವನು ದನಿಯನ್ನು ಎಳೆದು ಎಳೆದು ತೆಳುವಾಗಿಸಿ ಬಿಟ್ಟಾಗ, ಮಠದ ತುಂಬ ಕೂತವರ ಉಸಿರೂ ಅದರೊಂದಿಗೇ ಹೋಗಿ ಅದರೊಂದಿಗೇ ಮರಳಿತು.

"ಎರಡ ವರ್ಷ ಮನ್ಯಾಗ ಮಾತೂ ಆಡ್ತಿರಲಿಲ್ರಿ," ಗುರಮ್ಮ ಪಿಸುಗುಟ್ಟಿದಳು. "ನಾ ಎಷ್ಟ ಬೈದ್ರೂ ತಿರುಗಿ ಬೈಯಾಕ ಗಂಟಲಿರಲಿಲ್ಲ. ಈಗ ನೋಡ್ರಿ, ಒಂದಕ್ಕ ಎರಡ ಅಂತಾರ. ನನಗ ಅದ ಖುಷಿ."

ನೀಲಾಳಿಗೆ ನಗು ಬಂತು, ಕಣ್ಣೂ ತುಂಬಿತು. ನಾಳೆ ಮಧ್ಯಾಹ್ನವನ್ನು ನೆನೆದು ದೇವರಿಗೆ ಕೈಮುಗಿದಳು. ಏನು ಬೇಡಬೇಕೆಂದು ಹೊಳೆಯದೆ, ಸುಮ್ಮನೆ ಮುಗಿದಳು.

*

ಮರುದಿನ ಹೊತ್ತೇರುವಷ್ಟರಲ್ಲಿ ಪ್ರಯೋಗಾಲಯದ ಗಾಡಿ ಬಂದು ನಿಂತಿತು. ಚಾಲಕ ಖಾಜೇಸಾಬ ಇಳಿದವನೇ ಹಗ್ಗ ಬಿಚ್ಚತೊಡಗಿದ.

"ಏರಸೋಣೇನ್ರಿ ಮೇಡಂ?"

"ಸ್ವಲ್ಪ ತಡಿರಿ ಖಾಜಾಭಾಯ್."

ಒಳಗೆ ಮೋಟಾರು ಓಡುತ್ತಿತ್ತು. ಗ್ರೈಂಡರು ಕಲ್ಲಿಗೆ ತಾಗಿ ಕೂಗುತ್ತಿತ್ತು. ಬೂದ್ಯಾ ಧೂಳನ್ನು ಹಸಿದ ದನ ಹಸಿಮೇವು ತಿಂದಂತೆ ತಿನ್ನುತ್ತಿತ್ತು. ಹಿಂದಿನ ದಿನ ಉದುರಿದ್ದನ್ನೆಲ್ಲ ಗುರಮ್ಮ ಡಬ್ಬಿಯಿಂದ ಬುಟ್ಟಿಗೆ ಸುರಿದು ಇಟ್ಟಿದ್ದಳು. ವಾರದ ಧೂಳು ಎರಡು ಬುಟ್ಟಿ ತುಂಬಿತ್ತು.

ಖಾಜೇಸಾಬನಿಗೆ ಚಹಾ ಬಂತು. ಆಮೇಲೆ ರೊಟ್ಟಿ ಬಂತು. ಆಮೇಲೆ ಮತ್ತೆ ಚಹಾ. "ಏರಸೋಣೇನ್ರಿ?" ಎಂದು ಅವನು ಕೇಳಿದಾಗಲೆಲ್ಲ ಗುರಮ್ಮ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಕೊನೆಗೆ ಅವನು ಹೊಟ್ಟೆ ಹಿಡಿದುಕೊಂಡು, "ಯವ್ವಾ, ಇನ್ನ ಒಂದ ರೊಟ್ಟಿ ತಿಂದ್ರ ನನ್ನ ನಾಲ್ಕ ಮಂದಿ ಹಿಡದ ಗಾಡಿಗೆ ಏರಸಬೇಕಾಗತೈತಿ," ಎಂದ. ಮೌನೇಶ ಆ ದಿನ ಮೊದಲ ಸಲ ನಕ್ಕ.

ಬಿಸಿಲು ನೆತ್ತಿಗೆ ಬಂತು. ನೆತ್ತಿಯಿಂದ ಇಳಿಯಿತು. ನೀಲಾಳ ಫೋನು ಸುಮ್ಮನೆ ಬಿದ್ದಿತ್ತು. ಖಾಜೇಸಾಬ ಎದ್ದು ಹಗ್ಗವನ್ನು ಕೈಗೆ ಸುತ್ತಿಕೊಂಡ; ಅವನ ಮುಖದಲ್ಲೂ ಬೇಸರವಿತ್ತು. ಮೌನೇಶ ತಾನೇ ಹೋಗಿ ಗ್ರೈಂಡರು ನಿಲ್ಲಿಸಿದ. ಯಂತ್ರದ ಬೆನ್ನಿನ ಮೇಲೆ ಕೈಯಾಡಿಸಿ, ಪೈಪು ಬಿಚ್ಚಲು ಬಗ್ಗಿದ.

ಆಗ ಫೋನು ಕೂಗಿತು. ನೀಲಾ ಎತ್ತಿದರೆ ಕಟ್ಟಿಯವರ ಮಾತೇ ಇಲ್ಲ. "ಸರ್? ಸರ್?" ಎಂದು ಎರಡು ಸಲ ಕೂಗಿದಳು. ಆಮೇಲೆ ಕೇಳಿಸಿತು. ಮೊರದಲ್ಲಿ ಅಕ್ಕಿ ಜಾರಿದ ಹಾಗೆ. ಸರ್ರ್... ನಿಂತಿತು. ಮತ್ತೆ ಸರ್ರ್.

"ಕೇಳಿಸ್ತೇನವಾ?" ಕಟ್ಟಿಯವರ ದನಿ ಕೂಸಿನ ದನಿಯಾಗಿತ್ತು. "ಇದು ಬ್ಯಾಡಗಿ ಗಿರಣೀದು. ತಡಿ, ಇನ್ನೊಂದರ ಹತ್ತರ ಹಿಡೀತೀನಿ. ಕೇಳು. ಮೂರು ಎದ್ದಾವ ನೀಲಾ, ಮೂರು! ಅರ್ಧ ತಾಸಿನಿಂದ ಉದರಲಿಕತ್ತಾವ. ನಾ ಫೋನ್ ಮಾಡೂದ ಮರತು ಕೇಳಕೋತ ಕೂತಿದ್ದೆ. ಗಾಡಿ ಹೊಂಟತೇನು? ನಿಲ್ಲಸು, ನಿಲ್ಲಸು!"

ನೀಲಾ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದಳು. ಗುರಮ್ಮ ಬಗ್ಗಿ ಆಲಿಸಿ, ಸಂತೆಯಲ್ಲಿ ದನದ ಹಲ್ಲು ನೋಡಿದವಳ ಗತ್ತಿನಿಂದ ತೀರ್ಪು ಕೊಟ್ಟಳು: "ಹೂಂ, ಮೆಲಕ ಹಾಕಾಕತ್ತಾವ."

ಖಾಜೇಸಾಬ ಹಗ್ಗ ಬಿಸಾಡಿದ. "ಹಂಗಾರ ನಾ ಇಷ್ಟೆಲ್ಲಾ ತಿಂದು ಖಾಲಿ ಗಾಡಿ ಹೊಡಕೊಂಡು ಹೋಗ್ಬೇಕೇನ್ರಿ?"

ಖಾಲಿ ಹೋಗಲಿಲ್ಲ. ಮೌನೇಶ ಕಟ್ಟಿಯವರಿಗೆಂದು ಖಾರ ಕುಟ್ಟುವ ಒಂದು ಕಲ್ಲಿನ ಒಳ್ಳು ಏರಿಸಿದ, ಗುರಮ್ಮ ರೊಟ್ಟಿಯ ಗಂಟು ಕಟ್ಟಿದಳು.

*

ಅಲ್ಲಿಂದಾಚೆ ಕೆಲಸ ಹೊಳೆಯಾಗಿ ಹರಿಯಿತು. ಪ್ರಯೋಗಾಲಯದ ಕೋಣೆಗಳಲ್ಲಿ ಹೊಸ ಹಾಸುಗಳು ಬೆಳೆದು, ಊರೂರಿಗೆ ಹೋದವು. ವಾರಕ್ಕೊಂದು ದಿನ ಪೂರಾ ಬಿಡುವು ಎಂಬುದೊಂದೇ ಷರತ್ತು. ಯಾವ ದಿನ ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು. ಖಾಜೇಸಾಬನ ಮಾವನ ಮಕ್ಕಳು ಕಿಟಕಿ ಬಾಗಿಲು ಮಾಡುವವರು. ಅವರ ಫಿಲ್ಟರಿಗೆ ಶುಕ್ರವಾರ. ಹುಬ್ಬಳ್ಳಿಯ ಲೇತ್ ಮಷೀನಿನ ಫ್ರಾನ್ಸಿಸನ ಫಿಲ್ಟರಿಗೆ ಭಾನುವಾರ. ಬ್ಯಾಡಗಿಯ ಗಿರಣಿಯವರು ತಮ್ಮ ದೇವಿಯ ವಾರವೆಂದು ಮಂಗಳವಾರ ಇಟ್ಟುಕೊಂಡರು. ಬಿಡುವಿನ ದಿನ ಧೂಳಿಲ್ಲದ ಕಾರ್ಖಾನೆಯಲ್ಲಿ ಕೆಲವರು ಮಕ್ಕಳನ್ನು ಕರೆತಂದು ಊಟಕ್ಕೆ ಕೂತರು, ಕೆಲವರು ಭಜನೆ ಹಚ್ಚಿದರು. ಫಿಲ್ಟರು ಮೆಲುಕು ಹಾಕುವುದನ್ನು ಕೇಳಲೆಂದೇ ಬರುವ ಮುದುಕರಿದ್ದರು.

ಇನ್ನೊಂದು ಸೋಜಿಗವನ್ನು ನೀಲಾ ಕಂಡುಕೊಂಡಳು. ತಿಂಗಳುಗಳು ಕಳೆದಂತೆ ಹಾಸುಗಳು ತಮ್ಮ ವಾರವನ್ನು ಕಲಿತುಬಿಟ್ಟಿದ್ದವು. ಬೂದ್ಯಾ ಈಗ ಮಧ್ಯಾಹ್ನಕ್ಕೆ ಕಾಯುತ್ತಿರಲಿಲ್ಲ. ಸೋಮವಾರದ ಬೆಳಕು ಹರಿಯುತ್ತಲೇ ಅದರ ಎಳೆಗಳು ತಾವಾಗಿ ಸಡಿಲಗೊಂಡು, ಬಿಚ್ಚಿ ನಿಲ್ಲುತ್ತಿದ್ದವು. ಇದರಲ್ಲೊಂದು ಅಪಾಯವೂ ಇತ್ತು. ಹಾಗೆ ಬಿಚ್ಚಿ ನಿಂತ ಹೊತ್ತಿನಲ್ಲಿ ಮೋಟಾರು ಹಚ್ಚಿದರೆ, ಎಳೆಗಳು ಬೇರುಸಹಿತ ಕಿತ್ತುಬರುತ್ತಿದ್ದವು. ಪ್ರಯೋಗಾಲಯದಲ್ಲಿ ಒಂದು ಹಾಸನ್ನು ಹಾಗೆ ಕಳೆದುಕೊಂಡ ದಿನ ಕಟ್ಟಿಯವರು ಊಟ ಬಿಟ್ಟಿದ್ದರು.

ಮರುವರ್ಷದ ಕಾರ್ತಿಕ ಬಂತು. ನಾಡಿನ ಎಲ್ಲ ಸಣ್ಣ ಕಾರ್ಖಾನೆಗಳಿಗೂ ಸರಕಾರದಿಂದ ಇಂಥ ಫಿಲ್ಟರು ಕೊಡುವ ಯೋಜನೆ ಸಿದ್ಧವಾಯಿತು. ಅದರ ಉದ್ಘಾಟನೆ ಬೂದ್ಯಾನ ಮನೆಯಲ್ಲೇ ಆಗಲಿ ಎಂದು ಮಂತ್ರಿಗಳೇ ಬಯಸಿದರಂತೆ. ದಿನವನ್ನೂ ಅವರೇ, ಒಳ್ಳೆಯ ದಿನವೆಂದು ಜೋಯಿಸರನ್ನು ಕೇಳಿ ಇಟ್ಟುಕೊಂಡಿದ್ದರು: ಕಾರ್ತಿಕ ಸೋಮವಾರ. ದೀಪ, ಭಾಷಣ ಅಷ್ಟೇ ಇರುತ್ತದೆಂದು ಪ್ರಯೋಗಾಲಯದವರೂ ಒಪ್ಪಿದ್ದರು.

ಕಲ್ಲಗೋನಾಳದಲ್ಲಿ ಶಾಮಿಯಾನ ಎದ್ದಿತು. ಊರಿಗೆ ಊರೇ ನೆರೆಯಿತು. ದೀಪ ಬೆಳಗಿದರು, ಮೌನೇಶ ಗಣಸ್ತುತಿ ಹಾಡಿದ, ಮಂತ್ರಿಗಳು ತಲೆದೂಗಿದರು. ಭಾಷಣ ಮುಗಿಸಿ, ಕಾರ್ಖಾನೆಯೊಳಗೆ ಬಂದು, ಜೂಲು ಹೊದ್ದು ಕೂತ ಬೂದ್ಯಾನ ಮುಂದೆ ನಿಂತರು. ಕ್ಯಾಮೆರಾದವರು ಸುತ್ತುವರಿದರು.

"ಎಲ್ಲಿ, ಸ್ವಿಚ್ ಎಲ್ಲಿದೆ? ಧೂಳು ಹೆಂಗೆ ಎಳೆಯುತ್ತೆ ಅಂತ ಜನ ನೋಡ್ಲಿ," ಎಂದರು ಮಂತ್ರಿಗಳು. ಅವರು ಮಂಡ್ಯದ ಕಡೆಯವರು. ದೊಡ್ಡ ದನಿ, ಮುಖದ ತುಂಬ ನಗೆ.

ಗುರಮ್ಮ ಸೆರಗಿನ ತುದಿ ಕಚ್ಚಿಕೊಂಡಳು. ಕಟ್ಟಿಯವರು ಮುಂದೆ ಬಂದು, ವಾರಕ್ಕೊಂದು ದಿನದ ಬಿಡುವು, ಎಳೆ, ರೋಮ ಎಂದು ಏನೇನೋ ತೊದಲಿದರು. ಮಂತ್ರಿಗಳ ಕಾರ್ಯದರ್ಶಿ ಕಟ್ಟಿಯವರ ಕಿವಿಯ ಹತ್ತಿರ ಬಗ್ಗಿ, "ಯೋಜನೆಗೆ ಇನ್ನೂ ಸಹಿ ಆಗಿಲ್ಲ, ನೆನಪಿರಲಿ," ಎಂದ. ಕಟ್ಟಿಯವರು ಕನ್ನಡಕವನ್ನು ಹಣೆಗೇರಿಸಿ ನೀಲಾಳ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಸೋಲೂ ಇತ್ತು.

ಮನೆಗೆ ಬಂದ ದೊಡ್ಡವರ ಮಾತು ಮೀರುವುದು ಮೌನೇಶನಿಂದಾಗದು. ಅವನ ಕೈ ಗೋಡೆಯ ಸ್ವಿಚ್ಚಿನ ಕಡೆಗೆ ಹೊರಟಿತು. ಬೂದ್ಯಾನ ಒಳಗೆ, ಇಷ್ಟು ಜನರ ಗದ್ದಲದ ನಡುವೆಯೂ, ಕಿವಿಯಿದ್ದವರಿಗೆ ಕೇಳುವಷ್ಟು ಮೆಲ್ಲಗೆ, ಹುಡಿ ಉದುರುತ್ತಿತ್ತು.

ನೀಲಾ ಹೋಗಿ ಸ್ವಿಚ್ಚಿಗೂ ಆ ಕೈಗೂ ನಡುವೆ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಏನಮ್ಮಾ, ಒಂದ್ ಹತ್ತು ನಿಮಿಷ ಅಷ್ಟೇ," ಎಂದರು ಮಂತ್ರಿಗಳು, ನಗುತ್ತಲೇ. "ನಾನೇ ಕೇಳ್ತಾ ಇದ್ದೀನಲ್ಲ, ಆನ್ ಮಾಡು."

"ಆಗೂದಿಲ್ಲರಿ ಸಾಹೇಬ್ರ," ಎಂದಳು ನೀಲಾಂಬಿಕಾ. "ಇವತ್ತ ಇದನ್ನ ಹೂಡೂದಿಲ್ಲ."